ಓಪನ್ ಕಿಚನ್, ಹೊಳೆಯುವ ಶಟರ್, ಸೂರು ಮುಟ್ಟುವ ಕಪಾಟು: ನಿಜಕ್ಕೂ ಬೇಕಾದದ್ದು ಯಾವುದು?

ಹೊಸಮನೆ

ಎಲ್ಲರಿಗೂ ನಮಸ್ಕಾರ. ನಾವಿರುವ ಬೀದಿಯಲ್ಲಿ ಒಂಟಿ ಮನೆಗಳು ಒಂದೊಂದಾಗಿ ಬಿದ್ದು ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ನಾವೂ ಅಂಥದ್ದೊಂದರ ಏಳನೇ ಮಹಡಿಗೆ ಹೋಗುತ್ತಿದ್ದೇವೆ. ಈಗಿನ ಮನೆಯ ಅಡುಗೆಮನೆ ಹಿಂಬದಿಗಿದೆ, ಎರಡು ಕಿಟಕಿ, ಹಿತ್ತಲಿಗೊಂದು ಬಾಗಿಲು. ಹೊಸದರಲ್ಲಿ ಅಡುಗೆಮನೆ ಅಂದರೆ ಹಾಲ್‌ನ ಒಂದು ಗೋಡೆ, ಅಷ್ಟೇ. ಕಿಟಕಿ ಇಲ್ಲ. ಪಕ್ಕದ ಯುಟಿಲಿಟಿ ಬಾಗಿಲಿನಿಂದ ಬರುವ ಗಾಳಿಯೇ ಗತಿ.

ಡಿಸೈನರ್ ತೋರಿಸಿದ 3ಡಿ ಚಿತ್ರ ಚೆನ್ನಾಗಿದೆ. ಹಿಡಿಕೆ ಇಲ್ಲದ ಅಕ್ರಿಲಿಕ್ ಶಟರ್ (ಕಪಾಟಿನ ಬಾಗಿಲು), ಬಿಳಿ ಕ್ವಾರ್ಟ್ಜ್ ಕಟ್ಟೆ, ಸೂರಿನವರೆಗೂ ಕಪಾಟು, ನಡುವೆ ಸಣ್ಣ ಐಲ್ಯಾಂಡ್, ಅಂದರೆ ಗೋಡೆಗೆ ತಾಗದ ಬಿಡಿ ಕಟ್ಟೆ. ನಮ್ಮಲ್ಲಿ ಎರಡು ಹೊತ್ತೂ ಮನೆಯಲ್ಲೇ ಅಡುಗೆ. ನಾನು, ನನ್ನ ಗಂಡ, ಅತ್ತೆ ಮೂವರೂ ಮಾಡುತ್ತೇವೆ. ಅತ್ತೆಗೆ ಎಪ್ಪತ್ತು ದಾಟಿದೆ, ಎತ್ತರ ಐದಡಿಗೂ ಕಡಿಮೆ. ಗಂಡ ಆರಡಿ.

ಇನ್ನೊಂದು ವಿಷಯ. ಈ ಮನೆಯಲ್ಲಿ ಎಷ್ಟು ವರ್ಷ ಇರುತ್ತೇವೋ ಹೇಳಲಾರೆ. ಕೆಲಸ ನಗರದ ಆ ತುದಿಗೆ ಹೋದರೆ ನಾವೂ ಹೋಗಬೇಕಾಗುತ್ತದೆ. ಅಷ್ಟೆಲ್ಲ ಖರ್ಚು ಮಾಡಿ ಗೋಡೆಗೆ ಅಂಟಿಸಿ ಬಿಟ್ಟು ಹೋಗಲು ಮನಸ್ಸಾಗುತ್ತಿಲ್ಲ. ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಕೈಬಿಡಬಹುದು? ಅನುಭವ ಇರುವವರು ಹೇಳಿ.

ಗಾಳಿಬೆಳಕು

ಮೊದಲು ಗಾಳಿಯ ವಿಷಯ ತೀರ್ಮಾನ ಮಾಡಿಕೊಳ್ಳಿ, ಬಣ್ಣ ಆಮೇಲೆ. ಕಿಟಕಿ ಇಲ್ಲದ, ಹಾಲ್‌ಗೆ ತೆರೆದ ಅಡುಗೆಮನೆಯಲ್ಲಿ ಕರಿದ ಹೊಗೆ ನೇರ ಸೋಫಾಕ್ಕೂ ಪರದೆಗೂ ಮಲಗುವ ಕೋಣೆಗೂ ಹೋಗುತ್ತದೆ.

ಚಿಮಣಿಯಲ್ಲಿ ಎರಡು ಬಗೆ. ಒಂದು, ಪೈಪ್ ಮೂಲಕ ಹೊರಗೆ ಬಿಡುವುದು. ಇನ್ನೊಂದು, ಇದ್ದಿಲು ಫಿಲ್ಟರ್‌ನಲ್ಲಿ ಹಾಯಿಸಿ ಅದೇ ಗಾಳಿಯನ್ನು ಮತ್ತೆ ಒಳಗೇ ಬಿಡುವುದು. ಎರಡನೆಯದು ಜಿಡ್ಡನ್ನೂ ಸ್ವಲ್ಪ ವಾಸನೆಯನ್ನೂ ಹಿಡಿಯುತ್ತದೆ. ನೀರಾವಿ ಹಾಗೇ ಉಳಿಯುತ್ತದೆ, ಗ್ಯಾಸ್ ಉರಿಯಿಂದ ಬರುವ ನೈಟ್ರೋಜನ್ ಡೈಆಕ್ಸೈಡ್ ಕೂಡ ಬಹುಪಾಲು ಉಳಿಯುತ್ತದೆ. ಹಾಗಾಗಿ ಪೈಪ್ ಹೊರಗೆ ಹೋಗಲೇಬೇಕು. 150 ಎಂಎಂ ಪೈಪ್ ಇರಲಿ, ಗಿಡ್ಡ ಇದ್ದಷ್ಟೂ, ತಿರುವು ಕಡಿಮೆ ಇದ್ದಷ್ಟೂ ಒಳ್ಳೆಯದು. ಸುಕ್ಕುಸುಕ್ಕಾದ ಫ್ಲೆಕ್ಸಿಬಲ್ ಪೈಪನ್ನು ಫಾಲ್ಸ್ ಸೀಲಿಂಗ್ ಒಳಗೆ ಮೂರು ಕಡೆ ಮಡಚಿ ಎಳೆದರೆ, ಪೆಟ್ಟಿಗೆಯ ಮೇಲೆ ಬರೆದಿರುವ ಸಾಮರ್ಥ್ಯ ಪೆಟ್ಟಿಗೆಯ ಮೇಲೇ ಉಳಿಯುತ್ತದೆ. ಚಿಮಣಿ ಒಲೆಯಷ್ಟಾದರೂ ಅಗಲ ಇರಬೇಕು, ಒಲೆಯಿಂದ 65–75 ಸೆಂ.ಮೀ. ಮೇಲಿರಬೇಕು. ಜೋರು ಹೊಗೆಯ ಅಡುಗೆಯನ್ನು ಹಿಂದಿನ ಬರ್ನರ್ ಮೇಲೆ ಮಾಡಿ. ಅಲ್ಲಿನ ಹೊಗೆ ಚೆನ್ನಾಗಿ ಎಳೆಯಲ್ಪಡುತ್ತದೆ. ಐಲ್ಯಾಂಡ್ ಮೇಲೆ ಒಲೆ ಮಾತ್ರ ಬೇಡ. ಹಿಂದೆ ಗೋಡೆ ಇಲ್ಲದಿದ್ದರೆ ಹೊಗೆ ನಾಲ್ಕೂ ಕಡೆ ಚದುರುತ್ತದೆ.

ಆಗುವುದಾದರೆ ಇಂಡಕ್ಷನ್ ಯೋಚಿಸಿ. ಗ್ಯಾಸ್‌ನ ಶಾಖದಲ್ಲಿ ಪಾತ್ರೆಗೆ ಸೇರುವ ಪಾಲು ಇಂಡಕ್ಷನ್‌ಗಿಂತ ಬಹಳ ಕಡಿಮೆ. ಇಂಡಕ್ಷನ್‌ನಲ್ಲಿ ಸುಮಾರು ಶೇ. 85. ಉಳಿದ ಶಾಖ ನಿಂತವರ ಮೈಗೆ, ಕೋಣೆಗೆ. ಕಿಟಕಿ ಇಲ್ಲದ ಕಡೆ ಇದು ದೊಡ್ಡ ವ್ಯತ್ಯಾಸ. ಆದರೆ ಎಣ್ಣೆ ಕಾದರೆ ಸೂಕ್ಷ್ಮ ಕಣ ಬರುವುದು ಯಾವ ಒಲೆಯಲ್ಲೂ ತಪ್ಪದು, ಚಿಮಣಿ ಬೇಕೇ ಬೇಕು. ಗ್ಯಾಸ್ ಇಟ್ಟುಕೊಂಡರೂ ಇಂಡಕ್ಷನ್‌ಗೆ ಬೇಕಾದ ಪ್ರತ್ಯೇಕ ವೈರಿಂಗ್ ಈಗಲೇ ಎಳೆಸಿಡಿ. ನಾಲ್ಕು ಬರ್ನರ್‌ನದು ಪೂರ್ತಿ ಹಚ್ಚಿದರೆ 7 ಕಿಲೋವ್ಯಾಟ್‌ವರೆಗೂ ಎಳೆಯುತ್ತದೆ.

ಉಳಿಸುತ್ತಿಗೆ

ನಾನು ಮರಗೆಲಸದವನು. ಹೊಸ ಕಿಚನ್ ಕೂರಿಸುವಷ್ಟೇ ಹಳೆಯದನ್ನು ಕಿತ್ತು ಹಾಕುವ ಕೆಲಸವೂ ಈಗ ನನಗೆ ಸಿಗುತ್ತಿದೆ. ಮನೆ ಕೈಬದಲಾದ ತಕ್ಷಣ ಮೊದಲು ಒಡೆಸುವುದು ಕಿಚನ್ನೇ. ಕಿತ್ತಾಗ ಏನು ಕಾಣುತ್ತದೆ ಅನ್ನುವುದನ್ನು ಹೇಳುತ್ತೇನೆ.

ಶಟರ್‌ಗಳ ಮುಖ ಹೊಸದರ ಹಾಗೇ ಇರುತ್ತದೆ. ಸಿಂಕ್ ಕೆಳಗಿನ ಪೆಟ್ಟಿಗೆ ಎಳೆದರೆ ಕಥೆ ಬೇರೆ. ತಳದ ಹಲಗೆಯ ಮುಂದಿನ ಅಂಚು ಮುಚ್ಚಲು ಅಂಟಿಸಿದ ಪಟ್ಟಿ ಬಿಟ್ಟುಕೊಂಡಿರುತ್ತದೆ, ಅಲ್ಲಿಂದ ನೀರು ಒಳಗಿಳಿದು 18 ಎಂಎಂ ಇದ್ದ ಪಾರ್ಟಿಕಲ್ ಬೋರ್ಡ್ ಹತ್ತಿರ ಹತ್ತಿರ ಎರಡರಷ್ಟು ಉಬ್ಬಿರುತ್ತದೆ. ಬೆರಳಲ್ಲಿ ಒತ್ತಿದರೆ ನೆನೆದ ರಸ್ಕ್ ಹಾಗೆ ಉದುರುತ್ತದೆ. ಹಿಂಬದಿಯ ತೆಳು ಹಲಗೆ ಕಪ್ಪಗೆ ಬೂಷ್ಟು. ಹಿಂಜ್ ಸ್ಕ್ರೂ ಕಚ್ಚಿಕೊಂಡಿರುವುದು ಬರೀ ಹುಡಿಯಲ್ಲಿ. ಹೊರಗೆ ನೋಡಿದರೆ ಅಕ್ರಿಲಿಕ್ ಮಿರಮಿರ ಹೊಳೆಯುತ್ತಿರುತ್ತದೆ!

ಆದ್ದರಿಂದ ಅಮ್ಮಾ, ದುಡ್ಡು ಹಾಕುವುದಾದರೆ ಪೆಟ್ಟಿಗೆಗೆ ಹಾಕಿ, ಮುಖಕ್ಕಲ್ಲ. ಸಿಂಕ್ ಕೆಳಗೆ ಕುದಿನೀರು ತಡೆಯುವ ದರ್ಜೆಯ ಪ್ಲೈವುಡ್ಡೇ ಇರಲಿ. ಉಳಿದ ಕಡೆ ಒಳ್ಳೆಯ ಬೋರ್ಡ್ ಆದರೂ ನಡೆಯುತ್ತದೆ, ಆದರೆ ನಾಲ್ಕೂ ಅಂಚಿಗೆ ಮೆಷಿನ್‌ನಲ್ಲಿ ಪಟ್ಟಿ ಒತ್ತಿರಬೇಕು. ಗೋಡೆ ಕಡೆಯ, ಕಣ್ಣಿಗೆ ಬೀಳದ ಅಂಚಿಗೂ. ಬಹಳ ಮಂದಿ ಆ ಅಂಚನ್ನು ಹಾಗೇ ಬಿಡುತ್ತಾರೆ, ನೀರು ಹೋಗುವುದು ಅಲ್ಲಿಂದಲೇ. ಅಂಟು ಪಿಯುಆರ್ (ಪಾಲಿಯುರಿಥೇನ್) ಬಗೆಯದಾದರೆ ಬಿಸಿಗೂ ಹಬೆಗೂ ಮಾಮೂಲಿ ಅಂಟಿಗಿಂತ ಹೆಚ್ಚು ತಡೆಯುತ್ತದೆ. ಪೆಟ್ಟಿಗೆ ನೆಲಕ್ಕೆ ತಾಗಬಾರದು, 10 ಸೆಂ.ಮೀ. ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಲ್ಲಬೇಕು. ಆ ಕಾಲುಗಳನ್ನು ಮುಚ್ಚುವ ಮುಂದಿನ ಪಟ್ಟಿ ಕೈಯಲ್ಲಿ ಎಳೆದರೆ ಬರುವ ಹಾಗಿರಲಿ, ಒಳಗೆ ಗುಡಿಸಬಹುದು, ಸೋರಿಕೆ ಇದ್ದರೆ ಕಾಣುತ್ತದೆ.

ಮನೆ ಬದಲಾಯಿಸುವ ಮಾತು ಹೇಳಿದಿರಿ. ಅದಕ್ಕೂ ದಾರಿ ಇದೆ. ಒಳಗೋಡೆಯಲ್ಲಿ 32 ಎಂಎಂ ಅಂತರದಲ್ಲಿ ಸಾಲು ತೂತು, ಶಟರ್‌ಗೆ 35 ಎಂಎಂ ಹಿಂಜ್ ಗುಳಿ: ಈ ಅಳತೆಯಲ್ಲಿ ಮಾಡಿದ ಪೆಟ್ಟಿಗೆಗೆ ಬಹುತೇಕ ಎಲ್ಲ ಕಂಪನಿಗಳ ಹಿಂಜ್, ಡ್ರಾಯರ್ ಜಾರುವ ಚಾನೆಲ್ ಹೊಂದುತ್ತದೆ. ನಾಳೆ ಬಣ್ಣ ಬೇಸರವಾದರೆ ಶಟರ್ ಮಾತ್ರ ಬದಲಾಯಿಸಿ. ಒಂದೊಂದು ಪೆಟ್ಟಿಗೆಯೂ ತನ್ನದೇ ಎರಡು ಬದಿ ಇರುವಂತೆ ಬಿಡಿಬಿಡಿಯಾಗಿ ಇರಲಿ, ಪಕ್ಕದ್ದಕ್ಕೆ ಸ್ಕ್ರೂನಲ್ಲಿ ಸೇರಲಿ, ಮೊಳೆ-ಗೋಂದು ಬೇಡ. ಅಗಲ 30, 45, 60, 90 ಸೆಂ.ಮೀ. ಹೀಗೆ ಸಾಮಾನ್ಯ ಅಳತೆಯಲ್ಲಿರಲಿ. ಅಂಥದ್ದನ್ನು ಕಳಚಿ ಲಾರಿಗೆ ಹಾಕಿ ಇನ್ನೊಂದು ಮನೆಯಲ್ಲಿ ಜೋಡಿಸಬಹುದು. ಕಟ್ಟೆಕಲ್ಲು, ಸಂದಿ ಮುಚ್ಚುವ ಫಿಲ್ಲರ್ ಪಟ್ಟಿ ಹೋಗುತ್ತದೆ, ಪೆಟ್ಟಿಗೆ ಉಳಿಯುತ್ತದೆ. ಮನೆ ಕೈಬದಲಾಗುತ್ತಲೇ ಇರುವ ನಗರದಲ್ಲಿ ಕಿಚನ್ ಹೀಗೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಳ್ಳೆಯ ಮರ ಕಸಕ್ಕೆ ಹೋಗುವುದನ್ನು ನೋಡಲಾಗುವುದಿಲ್ಲ.

ನಕ್ಷೆಗಾರ್ತಿ

ಉಳಿಸುತ್ತಿಗೆ ಅಣ್ಣ ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ. ನಾನು ಆರ್ಕಿಟೆಕ್ಟ್. ಓಪನ್ ಕಿಚನ್ ಎಲ್ಲಿಂದ ಬಂತು ಅನ್ನುವುದು ಗೊತ್ತಿದ್ದರೆ ಬೇಕೋ ಬೇಡವೋ ಅನ್ನುವುದೂ ಸುಲಭವಾಗುತ್ತದೆ.

ಇಂದು ಮಾಡ್ಯುಲರ್ ಕಿಚನ್ (ಅಳತೆಗೆ ಮಾಡಿದ ಪೆಟ್ಟಿಗೆಗಳನ್ನು ಜೋಡಿಸಿದ್ದು) ಅನ್ನುವುದರ ಬೇರು 1926ರ ಫ್ರಾಂಕ್‌ಫರ್ಟ್ ಕಿಚನ್‌ನಲ್ಲಿದೆ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಆ ನಗರದಲ್ಲಿ ಮನೆಗಳಿಗೆ ವಿಪರೀತ ಕೊರತೆ. ಎರ್ನ್‌ಸ್ಟ್ ಮೇ ಅವರ ನೇತೃತ್ವದ ವಸತಿ ಯೋಜನೆಗೆ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ವಾಸ್ತುಶಿಲ್ಪಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದರು. ಅಂಥವು ಸುಮಾರು 10,000 ಕಟ್ಟಲ್ಪಟ್ಟವು. ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನು ನೋಡಿ, ಕೈಕಾಲಿನ ಪ್ರತಿ ಚಲನೆಯನ್ನೂ ಲೆಕ್ಕ ಹಾಕಿ ಮಾಡಿದ ವಿನ್ಯಾಸ ಅದು. ಎಳೆಯುವ ಹಿಡಿ ಇದ್ದ ಅಲ್ಯುಮಿನಿಯಂ ಡಬ್ಬಗಳು, ಸೂರಿನ ಹಳಿಯ ಮೇಲೆ ಬೇಕಾದ ಕಡೆ ಸರಿಸಬಹುದಾದ ದೀಪ, ಕೂತು ಕೆಲಸ ಮಾಡಲು ಕಿಟಕಿ ಕೆಳಗೆ ಹಲಗೆ, ತಿರುಗುವ ಸ್ಟೂಲ್. ಹೆಂಗಸರ ದುಡಿಮೆಯ ಹೊತ್ತು ಉಳಿಸಬೇಕೆಂಬ ನಿಜವಾದ ಕಾಳಜಿ ಅಲ್ಲಿತ್ತು.

ಆದರೆ ಅದು ಒಬ್ಬರಿಗೆ ಮಾತ್ರ ಸಾಲುವ ಜಾಗ. ಇನ್ನೊಬ್ಬರು ಒಳಗೆ ಬಂದರೆ ಇಕ್ಕಟ್ಟು. ಮಕ್ಕಳು ಆಚೆ, ತಾಯಿ ಈಚೆ. ಮುಂದಿನ ತಲೆಮಾರು ಇದನ್ನೇ ಬಲವಾಗಿ ಟೀಕಿಸಿತು. ಗೋಡೆ ಒಡೆದು ಅಡುಗೆಯವರನ್ನು ಮನೆಯವರ ಜೊತೆ ಸೇರಿಸಬೇಕು ಅನ್ನುವ ಆಸೆಗೆ ಇದೂ ಒಂದು ಕಾರಣ. ಹಾಗಾಗಿ ಓಪನ್ ಕಿಚನ್ ಬರೀ ಶೋಕಿ ಅಂತ ನಾನು ಒಪ್ಪುವುದಿಲ್ಲ. ನಿಮ್ಮಲ್ಲಿ ಮೂವರು ಅಡುಗೆ ಮಾಡುತ್ತೀರಿ, ಅದೇ ದೊಡ್ಡ ಸಂಗತಿ. ಕಟ್ಟೆಗೂ ಎದುರಿನದಕ್ಕೂ ನಡುವೆ 105ರಿಂದ 120 ಸೆಂ.ಮೀ. ಓಡಾಡುವ ಜಾಗ ಉಳಿಯುತ್ತದೆಯೇ ಅಳೆಯಿರಿ. ಉಳಿಯದಿದ್ದರೆ ಐಲ್ಯಾಂಡ್ ಬಿಟ್ಟುಬಿಡಿ, ಬದಲಿಗೆ ಚಕ್ರ ಇರುವ ಸಣ್ಣ ಮೇಜು ತನ್ನಿ. ಒಲೆ, ಸಿಂಕ್, ಫ್ರಿಜ್ ನಡುವಿನ ತ್ರಿಕೋನದ ಲೆಕ್ಕ 1940ರ ದಶಕದ್ದು, ಒಬ್ಬರೇ ನಿಂತು ಮಾಡುವ ಅಡುಗೆಗೆ ಹಾಕಿದ್ದು. ಮೂವರಿಗೆ ಬೇಕಾದದ್ದು ಹೆಚ್ಚುವ ಜಾಗ ಎರಡು, ಒಂದರ ದಾರಿಗೆ ಇನ್ನೊಂದು ಅಡ್ಡ ಬರದ ಹಾಗೆ.

ತೆರೆದಗೋಡೆ

ಒಳಾಂಗಣ ವಿನ್ಯಾಸ ನನ್ನ ಕಸುಬು. ಇಲ್ಲಿ ಡಿಸೈನರ್ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಉಳಿಸುತ್ತಿಗೆ ಅವರ ಬಿಡಿ ಪೆಟ್ಟಿಗೆ ವಿಧಾನ ಒಳ್ಳೆಯದೇ, ಆದರೆ ಗೋಡೆಗಳು ಎಂದೂ ಸಾಮಾನ್ಯ ಅಳತೆಗೆ ಇರುವುದಿಲ್ಲ. ಪಿಲ್ಲರ್ ಒಂದು ಮೂಲೆಯಲ್ಲಿ ಚಾಚಿರುತ್ತದೆ, ಪೈಪ್ ಇನ್ನೊಂದು ಕಡೆ. 60, 90 ಅಂತ ಹೋದರೆ ಅಲ್ಲೊಂದು ಇಲ್ಲೊಂದು ಗೇಣು ಜಾಗ ಸತ್ತು ಹೋಗುತ್ತದೆ. ಸಣ್ಣ ಮನೆಯಲ್ಲಿ ಆ ಗೇಣು ಜಾಗಕ್ಕೂ ಬೆಲೆಯಿದೆ. ಸೂರಿನವರೆಗೆ ಕಪಾಟು ಕೇಳುವುದು ಚಂದಕ್ಕಲ್ಲ, ಅಟ್ಟ ಇಲ್ಲದ ಮನೆಯಲ್ಲಿ ವರ್ಷಕ್ಕೊಮ್ಮೆ ತೆಗೆಯುವ ದೊಡ್ಡ ಪಾತ್ರೆ ಇನ್ನೆಲ್ಲಿಡುವುದು? ಕಪಾಟಿನ ಮೇಲೆ ಬಿಟ್ಟ ಸಂದಿಯಲ್ಲಿ ಜಿಡ್ಡು ಧೂಳು ಕೂರುವುದೂ ತಪ್ಪುತ್ತದೆ.

ಹೊಗೆಗೆ ಗಾಜಿನ ಜಾರುಬಾಗಿಲು ಹಾಕಿಸಿ. ಕರಿಯುವಾಗ ಮುಚ್ಚಿ, ಉಳಿದ ಹೊತ್ತು ತೆಗೆದಿಡಿ. ಬೆಳಕೂ ಬರುತ್ತದೆ, ಮಾತೂ ನಡೆಯುತ್ತದೆ. ನೆಲದಲ್ಲಿ ಹಳಿ ಬೇಡ, ಮೇಲಿನಿಂದ ತೂಗುವ ಬಗೆ ಇರಲಿ. ಅಜ್ಜಿ ಎಡವುವುದಿಲ್ಲ.

ಶಟರ್ ವಿಷಯಕ್ಕೆ ಬಂದರೆ, ಅಕ್ರಿಲಿಕ್ ಮೇಲೆ ಬೆರಳಚ್ಚು, ಗೀರು ಎರಡೂ ಎದ್ದು ಕಾಣುತ್ತವೆ. ಮೆಂಬ್ರೇನ್ (ಬೋರ್ಡ್ ಮೇಲೆ ಎಳೆದು ಅಂಟಿಸಿದ ಪ್ಲಾಸ್ಟಿಕ್ ಹಾಳೆ) ಒಲೆಯ ಬಿಸಿಗೆ ಅಂಚಿನಲ್ಲಿ ಏಳುತ್ತದೆ. ದಿನಬಳಕೆಗೆ 1 ಎಂಎಂ ಮ್ಯಾಟ್ ಲ್ಯಾಮಿನೇಟ್‌ಗೆ ಸಾಟಿ ಇಲ್ಲ, ಖರ್ಚೂ ಕಡಿಮೆ. ಪೂರ್ತಿ ಬೂದು, ಪೂರ್ತಿ ಬಿಳಿ ಮಾಡಿಸುವ ಕಾಲ ಮುಗಿಯುತ್ತಾ ಬಂತು, ಈಗ ಎಲೆಹಸಿರು, ಮಣ್ಣಿನ ಬಣ್ಣ, ಮರದ ಗೆರೆ. ಇನ್ನೈದು ವರ್ಷಕ್ಕೆ ಅದೂ ಹೋಗುತ್ತದೆ. ನಿಮಗೆ ಇಷ್ಟವಾದ ಬಣ್ಣ ಹಾಕಿಕೊಳ್ಳಿ.

ಫಿಸಿಯೋ

ಐದಡಿ ಮತ್ತು ಆರಡಿ ಅಂದಿರಲ್ಲ, ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನನ್ನ ಬಳಿ ಬರುವ ಸೊಂಟನೋವು, ಭುಜನೋವಿನವರಲ್ಲಿ ಕಟ್ಟೆಯ ಎತ್ತರ ಹೊಂದದೆ ಒದ್ದಾಡುವವರು ಬಹಳ ಮಂದಿ.

ಹೆಚ್ಚುವ ಕಟ್ಟೆ ಮೊಣಕೈಗಿಂತ 10–15 ಸೆಂ.ಮೀ. ಕೆಳಗಿರಬೇಕು. ಎಲ್ಲರಿಗೂ ಒಂದೇ ಅಂತ 85–90 ಸೆಂ.ಮೀ. ಇಡುತ್ತಾರೆ. ನಿಮ್ಮ ಅತ್ತೆಗೆ ಬೇಕಾದದ್ದು ಸುಮಾರು 80, ನಿಮ್ಮ ಯಜಮಾನರಿಗೆ ಸುಮಾರು 100. ಕಾಗದದ ಲೆಕ್ಕ ನಂಬಬೇಡಿ, ಮಾಡಿ ನೋಡಿ. ಊಟದ ಮೇಜಿನ ಮೇಲೆ ದಪ್ಪ ಪುಸ್ತಕ ಪೇರಿಸಿ, ಮೇಲೆ ಹೆಚ್ಚುವ ಮಣೆ ಇಟ್ಟು, ಅವರವರ ಚಪ್ಪಲಿ ಹಾಕಿಕೊಂಡೇ ತರಕಾರಿ ಹೆಚ್ಚಲಿ. ಒಂದೊಂದೇ ಪುಸ್ತಕ ತೆಗೆಯುತ್ತಾ ಹಾಕುತ್ತಾ ಹೋಗಿ. ಭುಜ ಮೇಲೇಳದೆ, ಬೆನ್ನು ಬಾಗದೆ ಕೈ ಆಡುವ ಎತ್ತರ ಅವರಿಗೇ ಗೊತ್ತಾಗುತ್ತದೆ. ನೆಲದಿಂದ ಮಣೆಯವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ.

ಸಿಂಕ್ ಸ್ವಲ್ಪ ಎತ್ತರದಲ್ಲಿರಲಿ, ಯಾಕೆಂದರೆ ಕೈ ಕೆಲಸ ಮಾಡುವುದು ಅದರ ತಳದಲ್ಲಿ. ಒಲೆ ಸ್ವಲ್ಪ ತಗ್ಗಿನಲ್ಲಿರಲಿ, ಪಾತ್ರೆಯ ಎತ್ತರ ಮೇಲೆ ಸೇರುತ್ತದೆ. ಅತ್ತೆಗೆ 70–75 ಸೆಂ.ಮೀ. ಎತ್ತರದಲ್ಲಿ ಎಳೆಯುವ ಹಲಗೆಯೊಂದು ಬೇಕು, ಕೆಳಗೆ ಮಂಡಿ ಹೋಗಲು ಖಾಲಿ ಜಾಗ, ಜೊತೆಗೆ ಬೆನ್ನಿರುವ ಕುರ್ಚಿ. ಕೂತು ಹೆಚ್ಚಬಹುದು. ಭಾರದ ಪಾತ್ರೆಗಳೆಲ್ಲ ಮಂಡಿಗೂ ಭುಜಕ್ಕೂ ನಡುವೆ ಇರಲಿ. ಕೆಳಗೆ ಶಟರ್-ಶೆಲ್ಫ್ ಬದಲು ಪೂರ್ತಿ ಹೊರಗೆ ಬರುವ ಡ್ರಾಯರ್, ಹಿಂದಿನ ಡಬ್ಬಕ್ಕಾಗಿ ನೆಲದ ಮೇಲೆ ಮಂಡಿಯೂರುವ ಕಷ್ಟ ತಪ್ಪುತ್ತದೆ.

ಹಿಡಿಕೆ ಇಲ್ಲದ ಶಟರ್ ಬೇಡವೇ ಬೇಡ. ಬೆರಳಿನ ಗಂಟು ನೋಯುವವರಿಗೆ ತುದಿಬೆರಳಲ್ಲಿ ಎಳೆಯುವುದು ಹಿಂಸೆ. ನಾಲ್ಕೂ ಬೆರಳು ಒಳಗೆ ಹೋಗುವ ದೊಡ್ಡ ಹಿಡಿಕೆ ಹಾಕಿಸಿ.

ಕಲ್ಲುಕೆಲಸ

ಬಿಳಿ ಕ್ವಾರ್ಟ್ಜ್ ಬಗ್ಗೆ ಬರೆಯಲೆಂದೇ ಬಂದೆ. ನಾನು ಕಟ್ಟೆಕಲ್ಲು ಕತ್ತರಿಸಿ ಪಾಲಿಶ್ ಮಾಡುವ ಕೆಲಸದಲ್ಲಿದ್ದೇನೆ.

ಅದು ಗಣಿಯಿಂದ ಬಂದ ಅಖಂಡ ಕಲ್ಲಲ್ಲ. ಶೇ. 90ರಷ್ಟು ಕ್ವಾರ್ಟ್ಜ್ ಪುಡಿಯನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ. ಕಲೆ ಹಿಡಿಯುವುದಿಲ್ಲ ಅನ್ನುವುದು ಹೆಚ್ಚುಕಡಿಮೆ ನಿಜ. ಆದರೆ ರಾಳಕ್ಕೆ 150 ಡಿಗ್ರಿ ಸುಮಾರಿನ ಬಿಸಿ ತಾಗಿದರೆ ಹಳದಿ ಗುರುತು ಬೀಳುತ್ತದೆ, ಕೆಲವೊಮ್ಮೆ ಬಿರುಕು. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಡುವ ಮನೆಗೆ ಗ್ರಾನೈಟ್ ಉತ್ತಮ. ಅದಕ್ಕೆ ಆಗಾಗ ಸೀಲರ್ ಬಳಿಯಬೇಕು, ಅಷ್ಟೇ.

ಇದಕ್ಕಿಂತ ದೊಡ್ಡದು ದೂಳು. ಕತ್ತರಿಸುವಾಗ ಏಳುವ ಸಿಲಿಕಾ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು. ಶ್ವಾಸಕೋಶದಲ್ಲಿ ಕೂತು ಗಾಯ ಮಾಡಿ ಅದನ್ನು ಗಟ್ಟಿ ಮಾಡುತ್ತದೆ. ಸಿಲಿಕೋಸಿಸ್ ಅನ್ನುತ್ತಾರೆ. ಗುಣವಾಗುವ ಕಾಯಿಲೆ ಅಲ್ಲ. ಆಸ್ಟ್ರೇಲಿಯಾದಲ್ಲಿ ಈ ಕಾರಣಕ್ಕೇ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲಿನ ಹಲಗೆಯ ತಯಾರಿ, ಪೂರೈಕೆ, ಅಳವಡಿಕೆ ಎಲ್ಲವನ್ನೂ ನಿಷೇಧಿಸಿದರು. ಗ್ರಾನೈಟ್‌ನಲ್ಲೂ ಸಿಲಿಕಾ ಇದೆ, ಪ್ರಮಾಣ ಅದಕ್ಕಿಂತ ಬಹಳ ಕಡಿಮೆ.

ಮನೆ ಕಟ್ಟಿಸುವವರ ಕೈಯಲ್ಲಿ ಒಂದು ಕೆಲಸ ಇದೆ. ಯಾವ ಕಲ್ಲಾದರೂ ಸರಿ, ಸಿಂಕ್ ತೂತು, ಒಲೆ ತೂತು, ಅಂಚು ಎಲ್ಲ ನೀರು ಹರಿಸುವ ಮೆಷಿನ್ ಇರುವ ಘಟಕದಲ್ಲೇ ಆಗಿ ಬರಲಿ ಅಂತ ಒಪ್ಪಂದದಲ್ಲಿ ಬರೆಸಿ. ನಿಮ್ಮ ಹಾಲ್‌ನಲ್ಲಿ ಒಣಗಿದ ಕಲ್ಲಿಗೆ ಗ್ರೈಂಡರ್ ಹಿಡಿದು ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡ ಹುಡುಗನನ್ನು ಕಂಡರೆ ದಯವಿಟ್ಟು ನಿಲ್ಲಿಸಿ. ಕರ್ಚೀಫ್ ಆ ದೂಳನ್ನು ತಡೆಯುವುದಿಲ್ಲ.

ಹೊಸಮನೆ

ಕಲ್ಲುಕೆಲಸ ಅವರೇ, ಇದನ್ನು ಈವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಗ್ರಾನೈಟ್ ಅಂತ ತೀರ್ಮಾನವಾಯಿತು, ಒಪ್ಪಂದದಲ್ಲೂ ಬರೆಸುತ್ತೇನೆ. ತುಂಬಾ ಧನ್ಯವಾದ.

ಬಾಡಿಗೆಮನೆ

ಬಾಡಿಗೆಯವರ ಕಡೆಯಿಂದ ನನ್ನದೊಂದು ಮಾತು. ಮನೆ ಮಾಲೀಕರು ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ನಮ್ಮದು ಸ್ಟೀಲ್ ಕಾಲಿನ ಕೆಲಸದ ಮೇಜು, ಚಕ್ರದ ಡ್ರಾಯರ್ ಪೆಟ್ಟಿಗೆ, ಎತ್ತರದ ತೆರೆದ ಸ್ಟ್ಯಾಂಡ್. ಮನೆ ಬದಲಾದರೆ ಎಲ್ಲವೂ ನಮ್ಮ ಜೊತೆ ಬರುತ್ತವೆ. ಒಲೆಯ ಪಕ್ಕದ ತೆರೆದ ಶೆಲ್ಫ್‌ನಲ್ಲಿ ದಿನಾ ಬಳಸುವ ಪಾತ್ರೆ ಮಾತ್ರ ಇಡಿ, ಉಳಿದದ್ದು ಜಿಡ್ಡು ಹಿಡಿಯುತ್ತದೆ. ಸ್ವಂತ ಮನೆಯವರೂ ಎಲ್ಲವನ್ನೂ ಒಂದೇ ಸಲ ಮಾಡಿಸದೆ, ಕೆಳಗಿನ ಸಾಲು ಮಾಡಿಸಿ ಕೆಲವು ತಿಂಗಳು ಅಡುಗೆ ಮಾಡಿ ನೋಡಿ ಮೇಲಿನದನ್ನು ಮಾಡಿಸಬಹುದಲ್ಲ?

ಗಾಳಿಬೆಳಕು

ಬಾಡಿಗೆಮನೆ ಅವರ ಕೊನೆಯ ಮಾತು ಬಂಗಾರ. ಅದಕ್ಕೆ ಇನ್ನೆರಡು ವಿಷಯ.

ಬೋರ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಆವಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕ ಎಂದು ವರ್ಗೀಕರಿಸಿತು. ಬೋರ್ಡಿಗೆ ಇ1 ದರ್ಜೆ ಅಂದರೆ ಪರೀಕ್ಷಾ ಕೋಣೆಯ ಗಾಳಿಯಲ್ಲಿ ಈ ಆವಿ 0.1 ಪಿಪಿಎಂ (ಹತ್ತು ಲಕ್ಷ ಪಾಲಿಗೆ 0.1 ಪಾಲು) ಒಳಗೆ. ಇ1, ಆಗುವುದಾದರೆ ಇನ್ನೂ ಕಡಿಮೆ ಆವಿಯ ಇ0 ಮುದ್ರೆ ಹಲಗೆಯ ಮೇಲೇ ಇದೆಯೇ ನೋಡಿ, ಬಾಯಿಮಾತು ಬೇಡ. ಬಿಸಿ, ತೇವ ಹೆಚ್ಚಿದಷ್ಟೂ ಆವಿ ಹೆಚ್ಚು. ಕಿಚನ್ ಮುಗಿದ ಮೇಲೆ ಕಪಾಟು, ಬಾಗಿಲು ಎಲ್ಲ ತೆಗೆದಿಟ್ಟು ಕೆಲವು ವಾರ ಗಾಳಿಯಾಡಿಸಿ ಆಮೇಲೆ ವಾಸಕ್ಕೆ ಹೋಗಿ.

ಇನ್ನು ದೀಪ. ಸೂರಿನ ದೀಪದ ಕೆಳಗೆ ನಿಂತರೆ ಕಟ್ಟೆಯ ಮೇಲೆ ಬೀಳುವುದು ನಿಮ್ಮದೇ ನೆರಳು. ಮೇಲಿನ ಕಪಾಟಿನ ಕೆಳಗೆ, ಮುಂದಿನ ಅಂಚಿಗೆ ಹತ್ತಿರ ಎಲ್‌ಇಡಿ ಪಟ್ಟಿ ಹಾಕಿಸಿ. 4000 ಕೆಲ್ವಿನ್ (ಹಳದಿಯೂ ಅಲ್ಲದ, ನೀಲಿಯೂ ಅಲ್ಲದ ಬಿಳಿ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ, ನೂರಕ್ಕೆ ಕೊಡುವ ಅಂಕ) 90. ವಯಸ್ಸಾದ ಕಣ್ಣಿಗೆ ಕಾಳಿನಲ್ಲಿ ಕಲ್ಲು ಕಾಣಬೇಕಲ್ಲ.

ಹೊಸಮನೆ

ಎಲ್ಲ ಓದಿದೆವು, ಮೂವರೂ ಕೂತು ಮಾತಾಡಿದೆವು. ಪುಸ್ತಕ ಪೇರಿಸಿ ನೋಡಿದೆವು. ಅತ್ತೆಗೆ 79, ನನಗೆ 87, ಇವರಿಗೆ 99 ಸೆಂ.ಮೀ. ಬಂತು. ಮುಖ್ಯ ಕಟ್ಟೆ 87, ಸಿಂಕ್ ಕಡೆ 95, ಅತ್ತೆಗೆ ಎಳೆಯುವ ಹಲಗೆ. ಇವರು ಹೆಚ್ಚುವಾಗ ದಪ್ಪ ಮಣೆ ಇಟ್ಟುಕೊಳ್ಳುತ್ತಾರೆ. ಐಲ್ಯಾಂಡ್ ಕೈಬಿಟ್ಟೆವು. ಬಿಡಿ ಪೆಟ್ಟಿಗೆ, ಮ್ಯಾಟ್ ಲ್ಯಾಮಿನೇಟ್, ದೊಡ್ಡ ಹಿಡಿಕೆ. ಬಣ್ಣ ಅತ್ತೆ ಆರಿಸಿದರು, ಎಲೆಹಸಿರು.

ಸೂರಿನ ಕಪಾಟಿನ ಬಗ್ಗೆ ಮಾತ್ರ ನಿರ್ಧಾರವಾಗಿಲ್ಲ. ಇನ್ನೊಂದು ಪ್ರಶ್ನೆ: ಚಿಮಣಿ ಪೈಪ್ ಯುಟಿಲಿಟಿ ಕಡೆಗೆ ಹೋಗಬೇಕಾದರೆ ಗೋಡೆಗೆ ತೂತು ಕೊರೆಯಬೇಕು. ಬಿಲ್ಡರ್ ಕಡೆಯವರು ಎಲ್ಲಾದರೂ ಕೊರೆಯಿರಿ ಅನ್ನುತ್ತಿದ್ದಾರೆ.

ತೆರೆದಗೋಡೆ

ಸೂರಿನ ಕಪಾಟನ್ನು ಎರಡು ತುಂಡಾಗಿ ಮಾಡಿಸಿ. ಕೆಳಗಿನದು ಸಾಮಾನ್ಯ ಅಳತೆಯ ಪೆಟ್ಟಿಗೆ, ಅದರ ಮೇಲೆ ಬೇರೆಯೇ ಗಿಡ್ಡ ಪೆಟ್ಟಿಗೆ, ನಿಮ್ಮ ಸೂರಿನ ಲೆಕ್ಕಕ್ಕೆ. ಮನೆ ಬದಲಾದಾಗ ಮೇಲಿನದು ಹೊಂದದಿದ್ದರೂ ಕೆಳಗಿನದು ಹೊಂದುತ್ತದೆ. ಉಳಿಸುತ್ತಿಗೆ ಅವರೂ ಇದಕ್ಕೆ ಒಪ್ಪುತ್ತಾರೆ ಅಂದುಕೊಂಡಿದ್ದೇನೆ.

ಉಳಿಸುತ್ತಿಗೆ

ಒಪ್ಪಿದೆ ಸರ್, ಅದೇ ಸರಿ.

ಅಮ್ಮಾ, ಎಲ್ಲಾದರೂ ಕೊರೆಯಿರಿ ಅನ್ನುವ ಮಾತಿಗೆ ಹೂಂ ಅನ್ನಬೇಡಿ. ಆ ಗೋಡೆಯ ಮೇಲ್ಭಾಗದಲ್ಲಿ ಬೀಮ್ ಹಾಯ್ದಿರುತ್ತದೆ. ಬೀಮ್‌ಗೂ ಕಾಂಕ್ರೀಟ್ ಗೋಡೆಗೂ ಇಂಜಿನಿಯರ್ ಬರೆದುಕೊಡದೆ ತೂತು ಹಾಕುವಂತಿಲ್ಲ. ಸ್ಟ್ರಕ್ಚರಲ್ ಡ್ರಾಯಿಂಗ್ ಕೇಳಿ ತೆಗೆದುಕೊಳ್ಳಿ, ಬೀಮಿನ ಕೆಳಗೆ ಬರೀ ಇಟ್ಟಿಗೆ ಅಥವಾ ಬ್ಲಾಕ್ ಇರುವ ಕಡೆ ಗುರುತು ಹಾಕಿಸಿ. ಸುತ್ತಿಗೆ-ಉಳಿಯಲ್ಲಿ ಒಡೆಸಬೇಡಿ, ದುಂಡಗೆ ಕೊರೆಯುವ ಕೋರ್ ಕಟಿಂಗ್ ಮೆಷಿನ್‌ನವರನ್ನು ಕರೆಸಿ, ಪೈಪಿಗಿಂತ ಒಂದು ಸೆಂ.ಮೀ. ದೊಡ್ಡ ತೂತು ಸಾಕು. ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಮಳೆನೀರು ಒಳಗೆ ಬರುವುದಿಲ್ಲ. ಹೊರಬಾಯಿಗೆ ಗಾಳಿಗೆ ತೆರೆದು ಮುಚ್ಚುವ ಮುಚ್ಚಳ ಹಾಕಿಸಿ. ಟೈಲ್ಸ್ ಕೂರಿಸುವ ಮೊದಲೇ ಈ ಕೆಲಸ ಮುಗಿದಿರಲಿ. ಡ್ರಾಯಿಂಗ್ ಸಿಕ್ಕ ಮೇಲೆ ಗೋಡೆಯ ಅಳತೆ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.